ಕೊನೆಯ ನುಡಿಯ ಹೆಸರು

ಚನ್ನರಾಯಪಟ್ಟಣ
12 ಜೂನ್ 2024

ನೀಲಾ,

"ಹಚ್ಚಿದವಳ ಹೆಸರ ದೀಪ ಕೇಳೀತೇನೆ ತಂಗಿ." ಹೀಗೇ ಇತ್ತಲ್ಲವೇ ಆ ಸಾಲು? ಕೊನೆಯಲ್ಲಿ 'ತಂಗಿ' ಇತ್ತೋ 'ಗೆಳತಿ' ಇತ್ತೋ ಈಗ ಖಚಿತವಿಲ್ಲ. ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುತ್ತಾ ನಾನು ಹಾಡಿದರೆ ಪಕ್ಕದ ನಲ್ಲಿಯಲ್ಲಿ ನೀನೂ ದನಿಗೂಡಿಸುತ್ತಿದ್ದೆ. ಎಂಥ ವಿನಯದ ಸಾಲು ಎಂದು ಇಬ್ಬರೂ ಮೆಚ್ಚಿಕೊಂಡಿದ್ದೆವು. ನಿನ್ನೆಯಿಂದ ಅದೇ ಸಾಲು ತಲೆಯಲ್ಲಿ ತಿರುಗುತ್ತಿದೆ, ವಿನಯ ಮಾತ್ರ ಎಲ್ಲೂ ಕಾಣುತ್ತಿಲ್ಲ. ದೀಪ ಕೇಳುವುದಿಲ್ಲ, ಸರಿ. ಅದರ ಬೆಳಕಿನಲ್ಲಿ ಕೂತವರಿಗೆ ಏನಾಗಿದೆ?

ಆ ಸಾಲು ಕಟ್ಟಿದವರು ಶ್ರವಣಬೆಳಗೊಳದ ಅನಂತಮ್ಮ. ನಾನು ಹುಟ್ಟಿ ಬೆಳೆದ ಬೀದಿಯವರು, ನೆಂಟರಲ್ಲ. ಅವರ ಬಗ್ಗೆ ನಾನು ಅಂತರ್ಜಾಲದ ಮುಕ್ತ ವಿಶ್ವಕೋಶಕ್ಕೆ ಒಂದು ಲೇಖನ ಬರೆದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಅವರೇ ಹೇಳಿಕೊಳ್ಳುತ್ತಾರಲ್ಲ, ನಂಬಿದೆ. ಈಗ ಲೇಖನದ ನೆತ್ತಿಯ ಮೇಲೆ ಕೆಂಪು ಪಟ್ಟಿ ಕೂತಿದೆ: "ಈ ಲೇಖನವನ್ನು ಅಳಿಸಲು ಸೂಚಿಸಲಾಗಿದೆ. ವ್ಯಕ್ತಿಯ ಗಮನಾರ್ಹತೆಗೆ ಆಧಾರವಿಲ್ಲ." ಕೆಳಗೆ ನಿರ್ವಾಹಕರ ಹೆಸರು, 'ಅರಕಲಗೂಡು ನೀಲಿ'.

ಆ ಅಡ್ಡಹೆಸರನ್ನು ನಿನಗಿಟ್ಟವಳು ನಾನು. ಇಪ್ಪತ್ತು ವರ್ಷ ಒಂದು ಫೋನಿಲ್ಲ, ಕಾಗದವಿಲ್ಲ. ಕೊನೆಗೆ ನಿನ್ನನ್ನು ನಾನು ಕಂಡದ್ದು ಇಲ್ಲಿ, ಪೊರಕೆ ಹಿಡಿದು ನಿಂತವಳಾಗಿ.

ಗಮನಾರ್ಹತೆ! ಸಿನಿಮಾದಲ್ಲಿ ಒಂದು ದೃಶ್ಯಕ್ಕೆ ಬಂದು ಏಟು ತಿಂದು ಹೋದವನಿಗೆ ನಿಮ್ಮಲ್ಲಿ ಪುಟವಿದೆ. ಹಾಸನ ಜಿಲ್ಲೆಯ ಬಸದಿಗಳಲ್ಲಿ ಐವತ್ತು ವರ್ಷಗಳಿಂದ ಹೆಂಗಸರು ನೋಂಪಿಯ ವ್ರತ ಮುಗಿಸುವಾಗ ಹಾಡುವ ಹಾಡುಗಳನ್ನು ಕಟ್ಟಿದವಳಿಗೆ ಇಲ್ಲ. ಚರ್ಚಾಪುಟದಲ್ಲಿ ಇದನ್ನೇ ಕೇಳಿದೆ. 'ಗುಮಾಸ್ತರ ಬುದ್ಧಿ' ಎಂಬ ಒಂದು ಮಾತು ಬಂತು, ನಿಜ. ಅದಕ್ಕೆ ನನ್ನನ್ನು ಒಂದು ವಾರ ಹೊರಗಿಟ್ಟಿದ್ದೀರಿ. ಆದ್ದರಿಂದ ಈ ಕಾಗದ. ಫೋನು ಮಾಡಿದರೆ ನಾನು ಕಿರುಚುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಪೂರ್ತಿ ಓದಲೇಬೇಕು.

ಆ ಪಟ್ಟಿಯನ್ನು ತೆಗೆ.

ಕ್ಷಮಾ

* * *

ಅರಕಲಗೂಡು
20 ಜೂನ್ 2024

ಪ್ರೀತಿಯ ಕ್ಷಮಾ,

ಹೆಸರಿಗೆ ತಕ್ಕಂತೆ ನೀನು ಒಂದು ದಿನವೂ ನಡೆದವಳಲ್ಲ. ಈಗಲೂ ಹಾಗೇ ಇದ್ದೀಯ ಎಂದು ತಿಳಿದು ಒಂದು ಬಗೆಯ ಸಮಾಧಾನವಾಯಿತು.

ವಿಷಯಕ್ಕೆ ಬರುತ್ತೇನೆ. ಲೇಖನ ಯಾರದೆಂದು ಗೊತ್ತಾದ ಮೇಲೆ ಸುಮ್ಮನಿರಬಹುದಿತ್ತು. ಗೆಳತಿಯ ಲೇಖನವೆಂದು ಬಿಟ್ಟರೆ ನಾಳೆ ಇನ್ನೊಬ್ಬರ ಲೇಖನ ಅಳಿಸಲು ನನಗೆ ಯಾವ ಮುಖವಿರುತ್ತದೆ?

ಒಂದು ಮಾತು ವಿಶ್ವಕೋಶದಲ್ಲಿ ನಿಲ್ಲಬೇಕಾದರೆ ಅದನ್ನು ಬೇರೆ ಯಾರೋ, ಆ ವ್ಯಕ್ತಿಗೆ ಸಂಬಂಧವಿಲ್ಲದವರು, ಮೊದಲೇ ಅಚ್ಚಿನಲ್ಲಿ ಹೇಳಿರಬೇಕು. ನೀನು ಬಾಲ್ಯದಲ್ಲಿ ಕೇಳಿದ್ದು ಆಧಾರವಲ್ಲ, ಅದು ನಿನ್ನ ಸ್ವಂತ ಸಂಶೋಧನೆಯಾಗುತ್ತದೆ. ನೀನು ಉಲ್ಲೇಖವೆಂದು ಕೊಟ್ಟ ಮೂರು ಹಾಡಿನ ಪುಸ್ತಿಕೆಗಳನ್ನೂ ತರಿಸಿ ಓದಿದೆ. ಅನಂತಮ್ಮ ಎಂಬ ಹೆಸರು ಯಾವುದರಲ್ಲೂ ಇಲ್ಲ. ಆ ದೀಪದ ಹಾಡು ಮೂರರಲ್ಲೂ ಇದೆ, ಕೊನೆಯ ನುಡಿಯ ಅಂಕಿತ ಮಾತ್ರ ಬೇರೆ ಬೇರೆ. ಒಂದರಲ್ಲಿ "ನಂಬಿ ನೋಂತ ಪದ್ಮಾವತಮ್ಮನ ಕೈಬಿಡಬೇಡ ಸ್ವಾಮಿ." ಇನ್ನೊಂದರಲ್ಲಿ ಬ್ರಾಹ್ಮಿಲಮ್ಮ, ಮತ್ತೊಂದರಲ್ಲಿ ನಾಗರತ್ನಮ್ಮ. ಕೊನೆಯ ನುಡಿಯಲ್ಲಿ ಬರುವ ಹೆಸರು ಯಾರದೆಂದು ನಮಗಿಬ್ಬರಿಗೂ ಎಂ.ಎ.ಯಲ್ಲಿ ಒಂದೇ ಮೇಷ್ಟ್ರು ಪಾಠ ಹೇಳಿದ್ದರಲ್ಲವೇ? ಹಾಡಿಗೆ ಮೂವರು ಹಕ್ಕುದಾರರಿದ್ದಾರೆ, ಅವರಲ್ಲಿ ನಿನ್ನ ಅನಂತಮ್ಮ ಇಲ್ಲ.

ಅವರು ಬದುಕಿದ್ದರೆ ಯಾವುದಾದರೂ ಪತ್ರಿಕೆಯವರು ಹೋಗಿ ಮಾತಾಡಿಸಿ ಬರೆಯಲಿ. ಚರ್ಚೆಯನ್ನು ಆಗಸ್ಟ್‌ವರೆಗೆ ತೆರೆದಿಡುತ್ತೇನೆ. ನನ್ನಿಂದಾಗುವುದು ಇಷ್ಟೇ.

ನೀಲಾಂಬಿಕೆ

* * *

ಚನ್ನರಾಯಪಟ್ಟಣ
9 ಜುಲೈ 2024

ನೀಲಾ,

ಅಂಕಿತ ಅಂತೆ! ನಿನ್ನ ಕಾಗದ ಓದಿ ಅರ್ಧ ಗಂಟೆ ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕಿದೆ.

ವಚನ ಓದಿದ ಕಣ್ಣಿನಿಂದಲೇ ನೀನು ನೋಂಪಿಯ ಹಾಡನ್ನೂ ಓದಿದ್ದೀಯ. ಅದು ಅಂಕಿತವಲ್ಲ ಮಾರಾಯ್ತಿ. ನಮ್ಮ ಮನೆಗಳಲ್ಲಿ ಹೆಂಗಸರು ವರ್ಷಗಟ್ಟಲೆ ನೋಂಪಿ ಹಿಡಿದು ಕೊನೆಗೆ ಉದ್ಯಾಪನೆ ಮಾಡುತ್ತಾರೆ. ಆ ದಿನ ಯಾರ ನೋಂಪಿಯೋ ಅವರ ಹೆಸರನ್ನು ಕೊನೆಯ ನುಡಿಯಲ್ಲಿ ಸೇರಿಸಿ ಹಾಡುವುದು ಪದ್ಧತಿ. ಅನಂತಮ್ಮ ಹಾಡು ಕಟ್ಟುವಾಗ ಆ ಜಾಗವನ್ನು ಬಿಟ್ಟೇ ಕಟ್ಟುತ್ತಾರೆ. ಉಳ್ಳವರು ಉದ್ಯಾಪನೆಗೆ ಶಾಸ್ತ್ರದಾನವೆಂದು ಹಾಡಿನ ಪುಸ್ತಕ ಅಚ್ಚು ಹಾಕಿಸಿ ಹಂಚುತ್ತಾರೆ, ಅದರಲ್ಲಿ ಸಹಜವಾಗಿ ಅವರ ಹೆಸರೇ ಬರುತ್ತದೆ. ಪದ್ಮಾವತಮ್ಮ, ಬ್ರಾಹ್ಮಿಲಮ್ಮ, ನಾಗರತ್ನಮ್ಮ, ಮೂವರೂ ನೋಂಪಿ ಮಾಡಿದವರು, ಹಾಡು ಮಾಡಿದವರಲ್ಲ. ಇದನ್ನು ಯಾರು ಬರೆದಿದ್ದಾರೆ ಎಂದು ಕೇಳುತ್ತೀಯ. ಯಾರೂ ಬರೆದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ?

ಮೊನ್ನೆ ಭಾನುವಾರ ಬೆಳಗೊಳಕ್ಕೆ ಹೋಗಿದ್ದೆ. ಪಕ್ಕದ ಮನೆಯ ಪ್ರತಿಭಾ ತನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಅವಳದೂ ನಂದೀಶ್ವರ ನೋಂಪಿ ನಡೆದಿದೆ, ಕಾರ್ತೀಕದಲ್ಲಿ ಉದ್ಯಾಪನೆ. ಅನಂತಮ್ಮ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದರು. ಎಂಬತ್ತಾರು ವರ್ಷ, ಕಣ್ಣು ಚೆನ್ನಾಗಿದೆ, ಕಿವಿ ಇನ್ನೂ ಚೆನ್ನಾಗಿದೆ.

"ಅಜ್ಜಿ, ನಿಮ್ಮನ್ನ ತೆಗೆದುಹಾಕ್ಬೇಕು ಅಂತಿದಾರೆ," ಎಂದೆ.

"ಎಲ್ಲಿಂದವ್ವಾ? ರೇಷನ್ ಕಾರ್ಡಿಂದ್ಲಾ?"

"ಅಲ್ಲಜ್ಜಿ, ವಿಶ್ವಕೋಶ ಅಂತ, ಕಂಪ್ಯೂಟರ್‌ನಲ್ಲಿರತ್ತೆ. ಹಾಡು ಕಟ್ಟಿದ್ದು ನೀವೇ ಅನ್ನೋದಕ್ಕೆ ಸಾಕ್ಷಿ ಇಲ್ವಂತೆ."

"ಸಾಕ್ಷಿ ಯಾಕೆ? ನಾನಿನ್ನೂ ಬದುಕಿವ್ನಲ್ಲ. ಬಂದು ಕೇಳ್ಲಿ, ಹೇಳ್ತೀನಿ."

"ನೀವು ಹೇಳಿದ್ರೆ ಆಗಲ್ವಂತೆ. ಬೇರೆಯವರು ಹೇಳ್ಬೇಕಂತೆ."

"ಬೇರೇರ್ಗೆ ಹೆಂಗವ್ವಾ ಗೊತ್ತಾಯ್ತದೆ? ಕಟ್ಟೋವಾಗ ಒಲೆ ಮುಂದೆ ಇದ್ದೋಳು ನಾನೊಬ್ಳೇ."

ಪ್ರತಿಭಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಹೆಸರು ಬೇಡವೆಂದು ಅವರೇ ಬಿಟ್ಟಿದ್ದಾರೆ, ದಾನ ಕೊಟ್ಟದ್ದನ್ನು ಹೇಳಿಕೊಳ್ಳಬಾರದೆಂದು ಸುಮ್ಮನಿದ್ದಾರೆ ಎಂದೇ ನಾನು ತಿಳಿದಿದ್ದೆ. ಹಾಗೆಂದು ಕೇಳಿಯೂಬಿಟ್ಟೆ. ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಬ್ಯಾಡ ಅಂತ ನಾನ್ಯಾವಾಗವ್ವಾ ಅಂದೆ? ಯಾರೂ ಕೇಳ್ನಿಲ್ಲ, ನಾ ಹೇಳ್ನಿಲ್ಲ. ನೋಂಪಿ ಮಾಡೋಳ ಹೆಸ್ರು ಕೊನೇಲಿ ಬರ್ಬೇಕು, ಅವತ್ತು ಅದು ಅವಳ ಹಾಡು. ಸರಿ. ಕಟ್ದೋಳು ಇಂಥೋಳು ಅಂತ ಮೇಲ್ಗಡೆ ಒಂದು ಗೆರೆ ಹಾಕಿದ್ರೆ ಕಾಗ್ದ ಹರ್ದೋಗ್ತಿತ್ತಾ?"

ಆ ದೀಪದ ಸಾಲಿನ ಬಗ್ಗೆಯೂ ಕೇಳಿದೆ. ಅದೇನು ವೈರಾಗ್ಯವೋ, ಸಿಟ್ಟೋ ಎಂದು. "ತಾಳಕ್ಕೆ ಒಂದು ಪದ ಕಮ್ಮಿ ಬಿದ್ದಿತ್ತು, ಹಾಕ್ದೆ," ಎಂದರು. ನಮ್ಮ ಎಂ.ಎ.ಗೆ ಅಷ್ಟು ಸಾಕು.

ಹೊರಡುವಾಗ ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. "ಹಾಕ್ಸೋದಾದ್ರೆ ನಾನಿರೋವಾಗ್ಲೇ ಹಾಕ್ಸವ್ವ. ಸತ್ಮೇಲೆ ಹಾಕಿದ್ರೆ ಫೋಟೋಕ್ಕೆ ಹಾರ ಹಾಕ್ದಂಗೆ, ವಾಸ್ನೆ ನಂಗೆ ಬರಾಕಿಲ್ಲ."

ಇದಕ್ಕೆ ಯಾವ ಪುಟಸಂಖ್ಯೆ ಕೊಡಲಿ, ಹೇಳು.

ಹಾಸನದ ಪತ್ರಿಕೆಯೊಂದರಲ್ಲಿ ಧನಂಜಯ್ ಎಂಬ ವರದಿಗಾರರಿದ್ದಾರೆ. ಅವರಿಗೆ ಹೇಳಿದ್ದೇನೆ, ಹೋಗಿ ಮಾತಾಡಿಸಿ ಬರೆಯುತ್ತೇನೆ ಎಂದಿದ್ದಾರೆ. ನಿನ್ನ ಅಚ್ಚು ನಿನಗೆ ಸಿಗುತ್ತದೆ.

ಕ್ಷಮಾ

* * *

ಅರಕಲಗೂಡು
14 ಆಗಸ್ಟ್ 2024

ಪ್ರೀತಿಯ ಕ್ಷಮಾ,

ಪತ್ರಿಕೆಯ ಲೇಖನ ನೋಡಿದೆ. ದೊಡ್ಡ ಫೋಟೋ, ಪಕ್ಕದಲ್ಲಿ ವರದಿಗಾರರೂ ನಿಂತಿದ್ದಾರೆ. ಓದುತ್ತಾ ಹೋದಂತೆ ನನಗೆ ಬೇಸರವಾಯಿತು. ಸಾಲು ಸಾಲೂ ನಿನ್ನದೇ. ನೀನು ಮೊದಲ ಕರಡಿನಲ್ಲಿ ಅವರ ಹುಟ್ಟೂರು ಹರದನಹಳ್ಳಿ ಎಂದು ತಪ್ಪಾಗಿ ಬರೆದು ಮರುವಾರ ತಿದ್ದಿದ್ದೆ. ಪತ್ರಿಕೆಯಲ್ಲಿ ಹರದನಹಳ್ಳಿಯೇ ಇದೆ. ನಿನ್ನ ಹಳೆಯ ಪುಟದ ನಕಲು ಬೇರೊಂದು ಜಾಲತಾಣದಲ್ಲಿ ಉಳಿದಿತ್ತು, ಅವರು ಅಲ್ಲಿಂದ ಎತ್ತಿಕೊಂಡಿದ್ದಾರೆ. ಎದುರಿಗೆ ಕೂತಿದ್ದ ಅಜ್ಜಿಯನ್ನು ಹುಟ್ಟೂರು ಯಾವುದೆಂದೂ ಕೇಳಿಲ್ಲ. ನಿನ್ನ ಮಾತಿಗೆ ನಿನ್ನ ಮಾತನ್ನೇ ಆಧಾರವಾಗಿ ಒಪ್ಪಲಾಗುವುದಿಲ್ಲ.

ಇವತ್ತು ಮಧ್ಯಾಹ್ನ ಲೇಖನವನ್ನು ಅಳಿಸಿದೆ. ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ, ಯಾರಿಗೂ ಹೇಳಿದ್ದಲ್ಲ. ನಾನು ಆ ವಿಶ್ವಕೋಶ ಸೇರಿದಾಗ ಮೊದಲು ಬರೆದದ್ದು ಅಪ್ಪನ ಬಗ್ಗೆ. ನಿನಗೆ ನೆನಪಿರಬಹುದು, ಪಂಚಾಕ್ಷರಯ್ಯ ಮೇಷ್ಟ್ರು. ಹಾಸ್ಟೆಲ್ಲಿಗೆ ಬಂದಾಗ ನಿನಗೂ ಚಕ್ಕುಲಿ ತರುತ್ತಿದ್ದರು. ಅವರು ಬರೆದ ನಾಟಕಗಳನ್ನು ಈ ತಾಲ್ಲೂಕಿನ ಊರೂರಲ್ಲಿ ಆಡಿದರು. ಒಂದೂ ಅಚ್ಚಾಗಲಿಲ್ಲ. ನಿಯಮಗಳನ್ನು ಪೂರ್ತಿ ಓದಿದ ಮೇಲೆ ಆ ಪುಟ ನಿಲ್ಲುವುದಿಲ್ಲ ಎಂದು ತಿಳಿಯಿತು. ಬೇರೆಯವರು ಅಳಿಸುವ ಮೊದಲು ನಾನೇ ಅಳಿಸಿದೆ. ಆಗ ಅಪ್ಪ ಇದ್ದರು.

ಇಷ್ಟೇ.

ನೀಲಾಂಬಿಕೆ

* * *

ಚನ್ನರಾಯಪಟ್ಟಣ
27 ಆಗಸ್ಟ್ 2024

ನೀಲಾ,

ಅಪ್ಪನ ವಿಷಯ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಮೂರನೆಯ ದಿನ ದುಪ್ಪಟ್ಟು ಬಂತು. ಮೇಷ್ಟ್ರಿಗೆ ಅನ್ಯಾಯವಾಯಿತು ಎಂದು ನಿನಗೆ ಗೊತ್ತು, ಅಲ್ಲವೇ? ಗೊತ್ತಿದ್ದೂ ಅದನ್ನೇ ಇನ್ನೊಬ್ಬರಿಗೆ ಮಾಡಿದರೆ ಅದು ನ್ಯಾಯವಾಗುತ್ತದೆಯೇ? ಇಬ್ಬರಿಗೂ ಒಂದೇ ಕೋಲು ಎಂದು ಹೊಡೆಸಿಕೊಂಡವರು ಸಂತೋಷಪಡಬೇಕೇ?

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಮೊನ್ನೆ ನಿಮ್ಮ ವಿಶ್ವಕೋಶದಲ್ಲಿ ಹುಡುಕಿದರೆ ಹೊಸ ಪುಟವೊಂದು ಕಂಡಿತು: 'ಪದ್ಮಾವತಮ್ಮ, ಶ್ರವಣಬೆಳಗೊಳದ ಜೈನ ಕವಯಿತ್ರಿ.' ದೀಪದ ಹಾಡು ಅವರದ್ದಂತೆ. ಆಧಾರ, ಅವರ ನೋಂಪಿಗೆ ಮನೆಯವರು ಅಚ್ಚು ಹಾಕಿಸಿದ ಪುಸ್ತಕ, ಪುಟಸಂಖ್ಯೆ ಸಮೇತ. ನಿಮ್ಮ ಇನ್ನೊಬ್ಬ ನಿರ್ವಾಹಕರು ಅದಕ್ಕೆ ಒಪ್ಪಿಗೆಯ ಹಸಿರು ಗುರುತು ಒತ್ತಿದ್ದಾರೆ. ನೀನು ನೋಡಿಯೂ ಸುಮ್ಮನಿದ್ದೀಯ.

ಬರೆದವನು ಅವರ ಮೊಮ್ಮಗ ನಿಶ್ಚಲ್, ಹಾಸನದಲ್ಲಿ ಓದುತ್ತಿದ್ದಾನೆ. ಅವನನ್ನು ಬೈಯುವಂತಿಲ್ಲ. ಪುಸ್ತಕದಲ್ಲಿ ಅಜ್ಜಿಯ ಹೆಸರು ನೋಡಿದ, ನಂಬಿದ. ಕನ್ನಡ ಎಂ.ಎ. ಮಾಡಿದ ನೀನೇ ನಂಬಿದೆಯಲ್ಲ.

ಅವನ ತಂದೆ ವೃಷಭರಾಜರಿಗೆ ಬೆಳಗೊಳದಲ್ಲಿ ಲಾಡ್ಜ್ ಇದೆ. ನೇರವಾಗಿ ಅಲ್ಲಿಗೇ ಹೋದೆ. ಪಾಪ, ಕೂರಿಸಿ ಎಳನೀರು ಕೊಡಿಸಿದರು.

"ನಿಮ್ಮ ತಾಯಿ ಹಾಡು ಬರೀತಿದ್ರಾ ಸರ್?"

"ಅಯ್ಯೋ ಎಲ್ಬಂತು ಮೇಡಂ! ನಮ್ಮವ್ವ ಹೆಬ್ಬೆಟ್ಟು. ಬಸ್ಸಿನ ಬೋರ್ಡ್ ಓದಕ್ಕೂ ನಾನು ಬೇಕಾಗಿತ್ತು. ಹಾಡೆಲ್ಲ ಅನಂತಮ್ಮಾರ್ದು, ಊರಿಗೇ ಗೊತ್ತು."

"ಇದೇ ಮಾತನ್ನ ಬರೆದುಕೊಡ್ತೀರಾ?"

ಅವರ ಮುಖ ಸಣ್ಣಗಾಯಿತು. "ನಮ್ಮವ್ವ ಹೆಬ್ಬೆಟ್ಟು ಅಂತ ನಾನೇ ಬರೆದುಕೊಡ್ಲಾ ಮೇಡಂ? ಹುಡುಗ ಕಂಪ್ಯೂಟರ್‌ನಲ್ಲಿ ಅಜ್ಜಿ ಹೆಸ್ರು ತೋರ್ಸಿ ಕುಣಿದಾಡ್ಬುಟ್ಟ. ನೆಂಟ್ರಿಗೆಲ್ಲ ಫಾರ್ವರ್ಡ್ ಆಗೋಗದೆ. ಒಂದ್ ಕೆಲ್ಸ ಮಾಡಿ, ಅನಂತಮ್ಮಾರ ಹೆಸ್ರೂ ಸೇರ್ಸಿ. ನಾನೇನು ಬ್ಯಾಡ ಅಂತೀನಾ? 'ಸಹಾಯ: ಅನಂತಮ್ಮ' ಅಂತ ಕೆಳಗಡೆ."

ಸಹಾಯ! ಎಳನೀರನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಈಗ ನಿನಗೊಂದು ಪ್ರಶ್ನೆ. ತಾನೇ ದುಡ್ಡು ಕೊಟ್ಟು ಅಚ್ಚು ಹಾಕಿಸಿಕೊಂಡ ಪುಸ್ತಕ ಆಧಾರವಲ್ಲ ಎಂಬ ನಿಯಮವೂ ನಿಮ್ಮಲ್ಲಿದೆ. ಈಚೆಗೆ ನಾನು ನಿನಗಿಂತ ಚೆನ್ನಾಗಿ ನಿಮ್ಮ ನಿಯಮ ಓದುತ್ತಿದ್ದೇನೆ. ಪದ್ಮಾವತಮ್ಮನವರ ಪುಸ್ತಕವನ್ನು ಯಾವ ವಿಶ್ವವಿದ್ಯಾಲಯ ಪ್ರಕಟಿಸಿತು? ಉಳ್ಳವರು ಅಚ್ಚು ಹಾಕಿಸಿದರೆ ದಾಖಲೆ, ಇಲ್ಲದವಳು ತನ್ನ ಬಾಯಲ್ಲೇ ಹೇಳಿದರೆ ಸ್ವಂತ ಸಂಶೋಧನೆ. ಸತ್ಯವಿಲ್ಲದಿದ್ದರೆ ಹೋಗಲಿ, ನೀನು ಅಪ್ಪನನ್ನೇ ಒಪ್ಪಿಸಿದ ಆ ನಿಯಮವಾದರೂ ನೆಟ್ಟಗಿರಬಾರದೇ?

ಅನಂತಮ್ಮನಿಗೆ ಈ ಹೊಸ ಪುಟದ ವಿಷಯ ಹೇಳಿಲ್ಲ. ಹೇಳುವ ಬಾಯಿ ನನಗಿಲ್ಲ. ನೀನು ಬಂದು ಹೇಳು.

ಕ್ಷಮಾ

* * *

ಹೊಳೆನರಸೀಪುರ
22 ಸೆಪ್ಟೆಂಬರ್ 2024

ಕ್ಷಮಾ,

ಅಕ್ಕನ ಮನೆಗೆ ಬಂದವಳು ಇಲ್ಲಿಂದಲೇ ಬರೆಯುತ್ತಿದ್ದೇನೆ. ನಿನ್ನ ಆಗಸ್ಟ್ ಕಾಗದಕ್ಕೆ ಉತ್ತರ ಬರೆದು ಹರಿದು ಹಾಕಿದ್ದೇನೆ, ಒಂದಕ್ಕಿಂತ ಹೆಚ್ಚು ಸಲ.

ಈ ವಾರ ನಮ್ಮ ಕಾಲೇಜಿನ ಸಹೋದ್ಯೋಗಿಯ ಅತ್ತೆ ಜಯಮ್ಮನವರ ಅನಂತ ನೋಂಪಿಯ ಉದ್ಯಾಪನೆ ಇಲ್ಲಿಯೇ ನಡೆಯಿತು. ಕರೆದಿದ್ದರು. ಬೇರೆ ಸಮಯದಲ್ಲಾಗಿದ್ದರೆ ಹೋಗುತ್ತಿರಲಿಲ್ಲ. ನಿನ್ನ ಮಾತು ಸುಳ್ಳೆಂದು ತೋರಿದರೆ ಸಾಕು ಎಂಬ ಆಸೆಯೂ ಇತ್ತು, ಮುಚ್ಚಿಡುವುದಿಲ್ಲ.

ಪೂಜೆ ಮುಗಿದ ಮೇಲೆ ಹೆಂಗಸರು ಆ ಹಾಡು ಎತ್ತಿಕೊಂಡರು. ಕೊನೆಯ ನುಡಿಗೆ ಬಂದಾಗ ಎಲ್ಲರೂ ಜಯಮ್ಮನವರ ಕಡೆ ತಿರುಗಿ "ನಂಬಿ ನೋಂತ ಜಯಮ್ಮನ ಕೈಬಿಡಬೇಡ ಸ್ವಾಮಿ" ಎಂದರು. ಆಕೆ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿಯೊಬ್ಬರು "ನಿಮ್ಮ ಹೆಸ್ರೇನವ್ವಾ?" ಎಂದು ಕೇಳಿದರು. ಹೇಳಿದೆ. ಮತ್ತೊಮ್ಮೆ ಅದೇ ನುಡಿಯನ್ನು ಎತ್ತಿಕೊಂಡು "ನಂಬಿ ಬಂದ ನೀಲಾಂಬಿಕೆಯ" ಎಂದು ಹಾಡಿಬಿಟ್ಟರು. ನಾನು ನೋಂಪಿ ಹಿಡಿದವಳಲ್ಲ, ನಿಮ್ಮವಳೂ ಅಲ್ಲ ಎಂದೆ. "ಪರ್ವಾಗಿಲ್ಲ ಬಿಡಿ, ಕೋಸಂಬರಿ ತಿಂದಿದ್ದೀರಲ್ಲ," ಎಂದರು ಆ ಮುದುಕಿ.

ಅಚ್ಚಾಗಿದ್ದರೆ ನಾನೂ ಆ ಹಾಡಿನ ನಾಲ್ಕನೆಯ ಹಕ್ಕುದಾರಳು.

ಹಾಡು ಯಾರದ್ದು ಎಂದು ಕೇಳಿದೆ. ಅಂಗಳದಲ್ಲಿದ್ದವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡಿದರು. "ಇನ್ಯಾರ್ದು? ಬೆಳಗೊಳದ ಅನಂತಮ್ಮನ್ದು." ಹೊಳೆನರಸೀಪುರದ ಒಂದು ಅಂಗಳಕ್ಕೆ ಗೊತ್ತಿದ್ದದ್ದು ನನ್ನ ಉಲ್ಲೇಖಪಟ್ಟಿಗೆ ಗೊತ್ತಿರಲಿಲ್ಲ.

ಪದ್ಮಾವತಮ್ಮನವರ ಪುಟವನ್ನು ನಿನ್ನೆ ಅಳಿಸಿದೆ. ಸ್ವಪ್ರಕಟಣೆ ಎಂದು ಕಾರಣ ಕೊಟ್ಟೆ. ನಿಯಮ ನೆಟ್ಟಗಾಗಿದೆ. ಹಸಿರು ಗುರುತು ಒತ್ತಿದವರು ನನ್ನ ಮೇಲೆ ದೂರು ಬರೆದಿದ್ದಾರೆ, ನಿರ್ವಾಹಕಿಯ ಜಾಗ ಹೋದರೂ ಹೋಗಬಹುದು. ಆದರೆ ಅನಂತಮ್ಮನವರ ಪುಟವನ್ನು ಮರಳಿ ತರಲು ಈಗಲೂ ನನ್ನ ಕೈಯಲ್ಲಿ ಏನೂ ಇಲ್ಲ. ನನ್ನ ಕಿವಿಯನ್ನು ಉಲ್ಲೇಖಿಸಲು ಬರುವುದಿಲ್ಲ. ಈ ಪದ್ಧತಿಯ ಬಗ್ಗೆ ನಾನೇ ಒಂದು ಲೇಖನ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸುತ್ತೇನೆ. ಅಚ್ಚಾದ ಮೇಲೆ ಬೇರೆ ಯಾರಾದರೂ ಅದನ್ನು ಉಲ್ಲೇಖಿಸಬಹುದು. ಅದು ಬರಲು ಒಂದು ವರ್ಷವಾದರೂ ಬೇಕು.

ಅವರಿಗೆ ಎಂಬತ್ತಾರು ಎಂದು ನೀನು ಬರೆದಿದ್ದೆ. ಅದನ್ನೇ ಯೋಚಿಸುತ್ತಿದ್ದೇನೆ.

ನೀಲಾ

* * *

ಚನ್ನರಾಯಪಟ್ಟಣ
4 ನವೆಂಬರ್ 2024

ನೀಲಾ,

ಎರಡನ್ನೂ ಅಳಿಸಿ ನಿಯಮ ನೆಟ್ಟಗಾಯಿತು ಎಂದು ಬರೆದಿದ್ದೀಯ. ತಪ್ಪು ಕೊರಳಿನಿಂದ ಸರ ಬಿಚ್ಚಿ ಕೆರೆಗೆ ಎಸೆದರೆ ಸರದವಳಿಗೆ ಏನು ಸಿಕ್ಕಿತು? ನೀನು ದೂರು ಎದುರಿಸುತ್ತಿದ್ದೀಯ, ಗೊತ್ತು. ನೀನು ಹೋಗಿ ಆ ಅಂಗಳದಲ್ಲಿ ಕೂತೆ, ಅದೂ ಗೊತ್ತು. ಆದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕೊನೆಗೆ ಅನಂತಮ್ಮನಿಗೆ ಎಲ್ಲವನ್ನೂ ನಾನೇ ಹೇಳಿದೆ. ನಿಮ್ಮ ಪುಟ ಹೋಯಿತು, ಪದ್ಮಾವತಮ್ಮನದು ಬಂದು ಅದೂ ಹೋಯಿತು ಎಂದೆ. "ಪದ್ಮಾವತಿದು ಯಾಕ್ ತೆಗೆದ್ರು, ಪಾಪ? ಅವ್ಳು ಎಂಟ್ ವರ್ಷ ಉಪ್ವಾಸ ಬಿದ್ದು ನೋಂಪಿ ಮಾಡಿದ್ಲು, ಅದು ಸುಳ್ಳಾ?" ಎಂದು ನನ್ನ ಮೇಲೇ ತಿರುಗಿದರು. ನಾನು ಎದ್ದಾಗ, "ಆ ನಿನ್ನ ಸ್ನೇಹಿತೆ ಬರ್ದು ಕಳ್ಸೋದು ಬರಾಕೆ ಒಂದ್ ವರ್ಷ ಆಗ್ತದೆ ಅಂದ್ಯಲ್ಲ, ಬ್ಯಾಗ ಬರಿಯಾಕೆ ಬರಾಕಿಲ್ವಾ ಅವ್ಳಿಗೆ?" ಎಂದು ಕೇಳಿದರು. ಜಗಲಿಯ ಕಂಬ ಹಿಡಿದುಕೊಂಡು ಎದ್ದರು, ಮೊದಲು ಹಾಗೆ ಹಿಡಿದುಕೊಳ್ಳುತ್ತಿರಲಿಲ್ಲ.

ನಿಮ್ಮ ವಿಶ್ವಕೋಶಕ್ಕೆ ತಾಳ್ಮೆಯಿದೆ, ಅದಕ್ಕೆ ವಯಸ್ಸಾಗುವುದಿಲ್ಲ. ನನ್ನ ಮನಸ್ಸನ್ನು ಚುಚ್ಚುತ್ತಿರುವುದು ಅದೇ. ನೀನು ಲೇಖನ ಕಳಿಸು, ಆದರೆ ಅದಕ್ಕೆ ಮೊದಲು ಒಮ್ಮೆ ಬಾ. ಬೆಳಗೊಳಕ್ಕೆ ಒಟ್ಟಿಗೆ ಹೋಗೋಣ. ಅವರು ಹಾಡಲಿ, ನೀನು ಬರೆದುಕೋ. ಬರುವಾಗ ಮೇಷ್ಟ್ರ ನಾಟಕದ ಹಸ್ತಪ್ರತಿ ಉಳಿದಿದ್ದರೆ ಅದನ್ನೂ ತಾ. ನಾನು ಓದಬೇಕು.

ನಿನ್ನ
ಕ್ಷಮಾ

ಮತ್ತೆ:
ಇದನ್ನು ಮಡಚುತ್ತಿದ್ದಾಗ ಪ್ರತಿಭಾ ಬಂದಳು. ಮುಂದಿನ ವಾರ ಅವಳ ಉದ್ಯಾಪನೆ. ಹಂಚುವ ಪುಸ್ತಕ ಪ್ರೆಸ್ಸಿನಿಂದ ಬಂದಿದೆ, ಕಟ್ಟು ಇನ್ನೂ ಸ್ಕೂಟರಿನ ಮೇಲೇ ಇತ್ತು, ಮೇಲಿನದೊಂದನ್ನು ಎಳೆದು ತಂದಿದ್ದಳು. ಹಳದಿ ರಟ್ಟು. ಅದರ ಮೇಲೆ 'ನೋಂಪಿಯ ಹಾಡುಗಳು', ಕೆಳಗೆ 'ಕಟ್ಟಿದವರು: ಶ್ರವಣಬೆಳಗೊಳದ ಅನಂತಮ್ಮ.' ಬೇರೆ ಯಾವ ಹೆಸರೂ ಇಲ್ಲ. ಇದೂ ದುಡ್ಡು ಕೊಟ್ಟು ಅಚ್ಚು ಹಾಕಿಸಿದ್ದೇ, ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ಗೊತ್ತು. ಅಜ್ಜಿಗೆ ತೋರಿಸಿದೆಯಾ ಎಂದು ಕೇಳಿದೆ. ಮೊದಲನೆಯದು ಅವರಿಗೇ ಕೊಟ್ಟು ಬಂದೆ ಎಂದಳು. ನಿನ್ನ ಹೆಸರು ಎಲ್ಲಿ ಎಂದೆ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು:

"ಪ್ರೆಸ್ಸಿನೋನೂ ಹಂಗೇ ಕೇಳ್ದ ಕಣಕ್ಕ, ದಾನಿಗಳ ಹೆಸ್ರು ಎಲ್ಲಿ ಹಾಕ್ಲಮ್ಮಾ ಅಂತ. ಕೊನೇ ನುಡೀಲಿ ಅದೆ, ಪೂರ್ತಿ ಓದ್ಕಳಪ್ಪಾ ಅಂದೆ."